ಗಂಡ ಹೆಂಡತಿ ಇಬ್ಬರೂ ಕಲಾವಿದರು, ಮನೆ ತುಂಬ ಚಿತ್ರಗಳು: ಯಾವುದು ಯಾರದು ಅಂತ ಪಟ್ಟಿ ಮಾಡುವುದು ಹೇಗೆ?

ಹನುಮಂತನಗರ ಮೆಟ್ಟಿಲು:

ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಚಿತ್ರ ಬರೆಯುವವರು. 70ರ ದಶಕದಲ್ಲಿ ಇದೇ ಬೆಂಗಳೂರಿನ ಕಲಾಶಾಲೆಯೊಂದರಲ್ಲಿ ಒಟ್ಟಿಗೆ ಕಲಿತವರು. ಅಲ್ಲೇ ಪರಿಚಯ, ಆಮೇಲೆ ಮದುವೆ. ದೊಡ್ಡಪ್ಪ ಕಾರ್ಖಾನೆಯೊಂದರ ಪ್ರಚಾರ ವಿಭಾಗದಲ್ಲಿ ನಿವೃತ್ತಿಯವರೆಗೂ ದುಡಿದರು. ಸಂಜೆ ಬಂದು ಕಾಫಿ ಕುಡಿದು ಕ್ಯಾನ್ವಾಸ್ ಮುಂದೆ ನಿಲ್ಲುತ್ತಿದ್ದರು. ದೊಡ್ಡಮ್ಮ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ವಾರಪತ್ರಿಕೆಯ ಕಥೆಗಳಿಗೆ ಚಿತ್ರ ಬರೆದುಕೊಡುತ್ತಿದ್ದರು. ಇಬ್ಬರೂ ಇವತ್ತಿಗೂ ಬಿಟ್ಟಿಲ್ಲ. ದೊಡ್ಡಪ್ಪನಿಗೆ ಕೈ ನಡುಗುತ್ತದೆ, ಅದಕ್ಕೇ ಈಗ ಇದ್ದಿಲು ಹಿಡಿದಿದ್ದಾರೆ.

ಈಗ ಹನುಮಂತನಗರದ ಮನೆ ಖಾಲಿ ಮಾಡಿ ಮಗನ ಫ್ಲ್ಯಾಟಿಗೆ ಹೋಗಬೇಕು. ಅಟ್ಟದ ಮೇಲೆ, ಮಂಚದ ಕೆಳಗೆ, ಗಾಡ್ರೇಜ್ ಬೀರು ಹಿಂದೆ, ಎಲ್ಲಿ ನೋಡಿದರೂ ಚಿತ್ರ. ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ತಮಾಷೆ ಏನೆಂದರೆ ಇಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರು. ಇಬ್ಬರೂ ಬಲಗಡೆ ಮೂಲೆಯಲ್ಲಿ ಬರೀ 'ಸು' ಅಂತ ಬರೆದು ಬಿಟ್ಟಿದ್ದಾರೆ. ಎಷ್ಟೋ ಚಿತ್ರಕ್ಕೆ ಇಸವಿಯೂ ಇಲ್ಲ.

ಮೊನ್ನೆ ಮನೆಗೆ ಬಂದ ಒಬ್ಬರು ದೊಡ್ಡಮ್ಮನ ಚಿತ್ರದ ಮುಂದೆ ನಿಂತು, "ಸಾರ್ ಕೆಲಸ ಅದ್ಭುತ" ಅಂದರು. ದೊಡ್ಡಮ್ಮ ಸುಮ್ನೆ ಕಾಫಿ ತಂದುಕೊಟ್ಟರು. ದೊಡ್ಡಪ್ಪ, "ಅದು ಅವಳದು ಕಣ್ರೀ" ಅಂದರೆ ಅವರು ನಕ್ಕು, "ಇರಬಹುದು, ನಿಮ್ಮ ಪ್ರಭಾವ ಕಾಣುತ್ತೆ" ಅಂತ ಹೇಳಿಹೋದರು. ಅವತ್ತಿನಿಂದ ನನಗೆ ಇದು ಬರೀ ಪಟ್ಟಿ ಕೆಲಸ ಅಂತ ಅನಿಸುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಫ್ರೇಮ್ ಅಂಗಡಿ ಮಗ:

ಮೊದಲು ಚಿತ್ರದ ಮುಖ ಬಿಡಿ, ಬೆನ್ನು ನೋಡಿ. ನಮ್ಮ ಅಂಗಡಿಗೆ ಬರುವ ಹಳೇ ಚಿತ್ರಗಳಲ್ಲಿ ಅರ್ಧ ಕಥೆ ಹಿಂದುಗಡೆಯೇ ಇರುತ್ತದೆ. ಯಾವ ಕ್ಯಾನ್ವಾಸ್, ಮರದ ಚೌಕಟ್ಟು ಯಾರು ಮಾಡಿದ್ದು, ಮೊಳೆ ಹೇಗೆ ಹೊಡೆದಿದ್ದಾರೆ, ಪ್ರದರ್ಶನಕ್ಕೆ ಕಳಿಸಿದಾಗ ಅಂಟಿಸಿದ ಚೀಟಿ ಉಳಿದಿದೆಯಾ. ಚೀಟಿ ಕಿತ್ತು ಹಾಕಬೇಡಿ, ಹರಿದಿದ್ದರೂ ಸರಿ. ಎದುರೂ ಬೆನ್ನೂ ಎರಡೂ ಫೋಟೋ ತೆಗೆಯಿರಿ, ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು.

ಕಾಗದದ ಚಿತ್ರದ ಹಿಂದೆ ನಂಬರ್ ಹಾಕುವುದಾದರೆ ಮೆತ್ತನೆ ಪೆನ್ಸಿಲ್‌ನಲ್ಲಿ ಅಂಚಿಗೆ ಹಾಕಿ. ಬಾಲ್ ಪೆನ್ ಅಚ್ಚು ಮುಂದಕ್ಕೆ ಮೂಡುತ್ತದೆ. ಮತ್ತೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿ ಹಾಳಾದ ಜಲವರ್ಣಗಳನ್ನು ಕಂಡು ಹೊಟ್ಟೆ ಉರಿದಿದೆ.

ಇತಿಹಾಸದ ಹುಳು:

"ನಿಮ್ಮ ಪ್ರಭಾವ ಕಾಣುತ್ತೆ" ಅನ್ನುವ ಮಾತು ಪ್ರಪಂಚದ ಎಲ್ಲಾ ಕಲಾವಿದ ದಂಪತಿಗಳ ಮನೆಗೂ ಬಂದು ಹೋಗಿದೆ. ಕ್ರಿಸ್ಟೋ ಮತ್ತು ಜೀನ್ ಕ್ಲೋಡ್ ಹೆಸರು ಕೇಳಿರುತ್ತೀರಿ. ದೊಡ್ಡ ದೊಡ್ಡ ಕಟ್ಟಡ, ಸೇತುವೆಗಳಿಗೆ ಬಟ್ಟೆ ಸುತ್ತಿದವರು. ಇಬ್ಬರೂ ಹುಟ್ಟಿದ್ದು 1935ರ ಜೂನ್ 13ರಂದು, ಒಂದೇ ದಿನ. ದಶಕಗಟ್ಟಲೆ ಕೆಲಸ ಒಟ್ಟಿಗೆ ಮಾಡಿದರೂ ಹೆಸರು ಮಾತ್ರ ಕ್ರಿಸ್ಟೋ ಒಬ್ಬರದೇ ಇತ್ತು. 1994ರಲ್ಲಿ ಇಬ್ಬರೂ ಕೂತು, ಹಿಂದಿನ ಹೊರಾಂಗಣ ಕೆಲಸಗಳೂ ಸೇರಿ ಎಲ್ಲಕ್ಕೂ ಇಬ್ಬರ ಹೆಸರು ಅಂತ ಘೋಷಿಸಿದರು.

ಇನ್ನೊಂದು ಅಮೆರಿಕದ ಚಿತ್ರಕಲಾವಿದೆ ಲೀ ಕ್ರಾಸ್ನರ್ ಕಥೆ. ಗಂಡ ಜಾಕ್ಸನ್ ಪೊಲಾಕ್ ಕೂಡ ಹೆಸರಾಂತ ಚಿತ್ರಕಾರ, ಕೊಟ್ಟಿಗೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಈಕೆ ಮಹಡಿಯ ಮಲಗುವ ಕೋಣೆಯಲ್ಲಿ ಬರೆಯುತ್ತಿದ್ದರು, ಚಿತ್ರಗಳೂ ಪುಟ್ಟವೇ. 1956ರಲ್ಲಿ ಆತ ಕಾರು ಅಪಘಾತದಲ್ಲಿ ಸತ್ತ. ಆಮೇಲೆ ಈಕೆ ಕೊಟ್ಟಿಗೆಗೆ ಬಂದರು, ಗೋಡೆಯಷ್ಟು ದೊಡ್ಡ ಚಿತ್ರ ಬರೆದರು. ಚಿಕ್ಕದಾಗಿ ಬರೆಯುವುದು ಆಕೆಯ ಸ್ವಭಾವ ಅಂದುಕೊಂಡಿದ್ದವರು ಏನು ಹೇಳುತ್ತಾರೆ?

ಮಲ್ಲೇಶ್ವರದ ಮಳೆ:

ಹೊರದೇಶದ ಕಥೆ ಸಾಕು ಮಾರಾಯ್ರೇ. ನಮ್ಮೂರಲ್ಲೇ ಇಲ್ವಾ? ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್! ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್, ಅವರ ಹೆಂಡತಿ ದೇವಿಕಾ ರಾಣಿ.

ಇತಿಹಾಸದ ಹುಳು:

ಅವರ ಹೆಸರು ಬಂದೇ ಬರುತ್ತದೆ ಅಂತ ಗೊತ್ತಿತ್ತು 🙂 1945ರಲ್ಲಿ ಮದುವೆ, ಆಮೇಲೆ ಬೆಂಗಳೂರಿನ ವಾಸ. 1993ರಲ್ಲಿ ರೋರಿಕ್ ತೀರಿಕೊಂಡರು, 1994ರಲ್ಲಿ ದೇವಿಕಾ ರಾಣಿ. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಚಿತ್ರಗಳಿಗೇ ಒಂದು ಗ್ಯಾಲರಿ ಇದೆ. ಆದರೆ ದೇವಿಕಾ ರಾಣಿ ಸಿನಿಮಾದವರು, ಚಿತ್ರ ಬರೆದವರಲ್ಲ. ರೋರಿಕ್ ಬರೆದ ಭಾವಚಿತ್ರಗಳಲ್ಲಿ ಅವರು ಕೂತಿದ್ದಾರೆ, ಅಷ್ಟೇ. ಇಲ್ಲಿ ಕೇಳುತ್ತಿರುವುದು ಇಬ್ಬರ ಕೈಯಲ್ಲೂ ಕುಂಚ ಇರುವ ಮನೆಯ ಕಥೆ.

ಕೆಂಪೇಗೌಡ ಗಲ್ಲಿ:

ನಮ್ಮ ಮೈಸೂರು ಕಾಲದ ಕಲಾವಿದ ಕೆ. ವೆಂಕಟಪ್ಪನವರು ಮದುವೆಯೇ ಆಗಲಿಲ್ಲ. ಸಹಿ ಗಲಾಟೆಯೇ ಇಲ್ಲ. ಜಾಣರು.

ಬಣ್ಣದ ಡಬ್ಬಿ:

ಕೈಯಲ್ಲಿ ಕುಂಚ ಇದ್ದ ಜೋಡಿ ಬೇಕಾದರೆ ಎಸ್.ಜಿ. ವಾಸುದೇವ್ ಮತ್ತು ಅರ್ನವಾಜ್. ವಾಸುದೇವ್ ಮೈಸೂರಿನಲ್ಲಿ ಹುಟ್ಟಿದವರು. ಮದ್ರಾಸಿನ ಕಲಾಶಾಲೆಯಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಶಿಷ್ಯರು. 1966ರಲ್ಲಿ ಮದ್ರಾಸಿನ ಹತ್ತಿರ ಕಡಲ ದಂಡೆಯಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಶುರುವಾಯಿತಲ್ಲ, ಇಬ್ಬರೂ ಅಲ್ಲಿದ್ದವರು. ಅಲ್ಲಿಯ ಕಲಾವಿದರು ಬಾಟಿಕ್ (ಮೇಣ ಹಚ್ಚಿ ಬಣ್ಣ ಅದ್ದಿದ) ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿ, ಆ ದುಡ್ಡಿನಲ್ಲಿ ಬದುಕು ಕಟ್ಟಿಕೊಂಡರು. ಹೊಟ್ಟೆಪಾಡಿಗೆ ಕೈಕೆಲಸ, ಮಿಕ್ಕ ಹೊತ್ತು ಚಿತ್ರ. ಅರ್ನವಾಜ್ ತಾವೇ ಒಳ್ಳೆಯ ಕಲಾವಿದೆ, ಬೇಗ ತೀರಿಹೋದರು. ಅವರ ಹೆಸರಿನಲ್ಲಿ ಕಲಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವ ಟ್ರಸ್ಟ್ ಇದೆ. ವಾಸುದೇವ್ ಅವರ ಮರಗಳ ಚಿತ್ರ ಎಲ್ಲರಿಗೂ ಗೊತ್ತು. ಅರ್ನವಾಜ್ ಅವರ ಕೆಲಸ ನೋಡಿದವರು ಎಷ್ಟು ಜನ, ಕೈ ಎತ್ತಿ.

ಇನ್ನೊಂದು ಈಗಿನ ಕಾಲದ್ದು. ಶೀಲಾ ಗೌಡ, ಕ್ರಿಸ್ಟೋಫ್ ಸ್ಟೋರ್ಜ್. ಶೀಲಾ ಭದ್ರಾವತಿಯಲ್ಲಿ ಹುಟ್ಟಿದವರು, ಹಡಪದ್ ಮೇಷ್ಟ್ರ ಕೆನ್ ಕಲಾಶಾಲೆಯಲ್ಲಿ ಕಲಿತು ಶಾಂತಿನಿಕೇತನ, ಲಂಡನ್ ನೋಡಿಬಂದವರು. ಕ್ರಿಸ್ಟೋಫ್ ಸ್ವಿಸ್ ಕಲಾವಿದ. ಸೂಜಿ, ದಾರ, ಕುಂಕುಮ, ಸಗಣಿ ಇಟ್ಟುಕೊಂಡು ಶೀಲಾ ಮಾಡಿದ ಕೆಲಸ ಅವರ ಹೆಸರಿನಲ್ಲೇ ಇದೆ. 2012ರಲ್ಲಿ ಮೊದಲ ಕೊಚ್ಚಿ ಬಿನಾಲೆಗೆ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ) ಮಾತ್ರ ಇಬ್ಬರೂ ಸೇರಿ ಮಾಡಿದರು: ಬೆಂಗಳೂರಿನ ಹಳೇ ಮನೆಗಳಿಂದ ಹೊರಬಿದ್ದ ಒರಳುಕಲ್ಲುಗಳನ್ನು ಕೊಚ್ಚಿಗೆ ಸಾಗಿಸಿ ನೀರಿನ ಅಂಚಿನಲ್ಲಿ ಹರಡಿಟ್ಟರು. ಅದಕ್ಕೆ ಇಬ್ಬರ ಹೆಸರೂ ಇದೆ. ಒಬ್ಬರದು ಒಬ್ಬರದೇ, ಸೇರಿ ಮಾಡಿದ್ದು ಇಬ್ಬರದು. ಲೆಕ್ಕ ಚೊಕ್ಕ.

ಡ್ರಾಯಿಂಗ್ ಮೇಡಂ:

ನಾನು ಇಲ್ಲಿ ಬರೆಯುವುದು ಅಪರೂಪ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನೂ ನಮ್ಮವರೂ ಇಬ್ಬರೂ ಕಲಾವಿದರೇ. ಶ್ರೀನಗರದಲ್ಲಿ ಒಂದು ಹಾಲ್, ಒಂದು ರೂಮು, ಅಡುಗೆಮನೆ. ಹಾಲಿನ ಉತ್ತರದ ಕಿಟಕಿಗೆ ಒಳ್ಳೆಯ ಬೆಳಕು ಬರುತ್ತಿತ್ತು. ಅಲ್ಲಿ ಅವರ ಈಸೆಲ್, ಅಂದರೆ ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮದುವೆಯಾಗಿ ಬಂದಾಗಲೇ ಅಲ್ಲಿತ್ತು, ಅಲ್ಲೇ ಉಳಿಯಿತು.

ನಾನು ಕಾಲೇಜಿನಲ್ಲಿ ತೈಲವರ್ಣದವಳು. ಮದುವೆಯಾದ ಮೇಲೆ ಜಲವರ್ಣ, ಇಂಕು. "ಮೇಡಂಗೆ ಜಲವರ್ಣ ತುಂಬಾ ಇಷ್ಟ" ಅಂತ ಒಮ್ಮೆ ಪೇಪರಿನಲ್ಲೂ ಬರೆದಿದ್ದರು. ಇಷ್ಟ ಏನಲ್ಲ. ತೈಲವರ್ಣ ಒಣಗಲು ದಿನಗಟ್ಟಲೆ ಬೇಕು, ಹಸಿ ಕ್ಯಾನ್ವಾಸ್ ಇಡಲು ಜಾಗ ಬೇಕು, ಮಗು ಮುಟ್ಟಬಾರದು, ಟರ್ಪೆಂಟೈನ್ ವಾಸನೆ ಅಡುಗೆಮನೆಗೆ ಬರಬಾರದು. ಜಲವರ್ಣವಾದರೆ ಊಟದ ಮೇಜಿನ ಮೇಲೆ ಬರೆದು, ಒಣಗಿದ ಕೂಡಲೇ ಫೈಲಿನಲ್ಲಿಟ್ಟು ತಟ್ಟೆ ಹಾಕಬಹುದು. ಇಂಕು ಇನ್ನೂ ಸಲೀಸು, ಯಾರಾದರೂ ಬಾಗಿಲು ಬಡಿದರೆ ಗೆರೆ ನಿಲ್ಲಿಸಿ ಎದ್ದು ಹೋಗಬಹುದು.

ಅವರು ಕೆಟ್ಟವರಲ್ಲ. ನನ್ನ ಕೆಲಸ ನೋಡಿ ಮೊದಲು ತಪ್ಪು ಹೇಳುವವರೂ ಅವರೇ, ಮೊದಲು ಹೊಗಳುವವರೂ ಅವರೇ. ಆದರೆ ಅವರು ಕೂತರೆ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಕೂತರೆ, "ಫ್ರೀ ಇದ್ದೀಯಾ?" ಅಂತ ಕೇಳುತ್ತಿದ್ದರು.

ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ದೊಡ್ಡಮ್ಮನ ಚಿತ್ರ ಹುಡುಕಬೇಕಾದರೆ ಮೊದಲು ಅವರಿಗೆ ಯಾವ ಜಾಗ ಇತ್ತು, ಯಾವ ಹೊತ್ತು ಸಿಗುತ್ತಿತ್ತು ಅಂತ ಕೇಳಿ. ಆಮೇಲೆ ಅಳತೆ ನೋಡಿ. ಊಟದ ಮೇಜಿಗಿಂತ ದೊಡ್ಡ ಕಾಗದ ಸಿಕ್ಕರೆ ಅದು ಬೇಸಿಗೆ ರಜೆಯದ್ದೇ ಇರುತ್ತದೆ.

ಸಂಜೆ ಸ್ಟುಡಿಯೋ:

ಮೇಡಂ ಮಾತಿಗೆ ಎದುರು ಹೇಳುತ್ತಿಲ್ಲ. ಆದರೆ ಎಲ್ಲಾ ಮನೆಯನ್ನೂ ಒಂದೇ ಅಳತೆಯಲ್ಲಿ ತೂಗಬೇಡಿ. ನಾನು ಸಂಬಳದ ಕೆಲಸಕ್ಕೆ ಹೋಗಿ ನಮ್ಮವಳು ಪೂರ್ತಿ ಹೊತ್ತು ಶಿಲ್ಪ ಮಾಡಿದ ಮನೆ ನಮ್ಮದು. ಗ್ಯಾರೇಜ್ ಅವಳದು, ನನ್ನದು ಬಾಲ್ಕನಿ. ನನ್ನ ಕೆಲಸಗಳೆಲ್ಲ ಅಂಗೈ ಅಗಲದವು.

ಡ್ರಾಯಿಂಗ್ ಮೇಡಂ:

ಅಂದರೆ ನಾನು ಹೇಳಿದ್ದನ್ನೇ ನೀವೂ ಹೇಳಿದಿರಿ ಅಲ್ವಾ ಸಾರ್?

ಸಂಜೆ ಸ್ಟುಡಿಯೋ:

ಹೌದು ಬಿಡಿ 😄

ಬಣ್ಣದ ಡಬ್ಬಿ:

ಸಂಬಳದ ಮಾತು ಬಂತಲ್ಲ, ಇದು ಮುಖ್ಯ. ನಮ್ಮ ದೇಶದ ಕಲಾವಿದರ ಜೀವನ ನೋಡಿದರೆ ಎಲ್ಲೋ ಒಂದು ಕಡೆ ತಿಂಗಳ ಸಂಬಳ ಇದ್ದೇ ಇರುತ್ತದೆ. ಯೂಸುಫ್ ಅರಕ್ಕಲ್ ಬೆಂಗಳೂರಿನಲ್ಲಿ ಎಚ್‌ಎಎಲ್‌ನಲ್ಲಿ ದುಡಿಯುತ್ತಲೇ ಚಿತ್ರ ಬರೆದವರು. ದೆಹಲಿಯ ಚಿತ್ರಕಲಾವಿದೆ ಅರ್ಪಿತಾ ಸಿಂಗ್ ಕೈಮಗ್ಗ ನೇಕಾರರಿಗಾಗಿ ಇರುವ ಸರ್ಕಾರಿ ವೀವರ್ಸ್ ಸರ್ವಿಸ್ ಸೆಂಟರ್‌ನಲ್ಲಿ ಕೆಲಸ ಮಾಡಿದವರು. ಅವರ ಗಂಡ ಪರಮ್‌ಜಿತ್ ಸಿಂಗ್ ಕೂಡ ಕಲಾವಿದರು, ಬಯಲು, ಕಾಡು, ಬೆಳಕು ಅವರ ವಿಷಯ. ಅರ್ಪಿತಾ ಚಿತ್ರದ ತುಂಬ ಹೆಂಗಸರು, ವಿಮಾನ, ಬಂದೂಕು, ಅಕ್ಷರ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೂ ಒಬ್ಬರದು ಇನ್ನೊಬ್ಬರ ಹಾಗೆ ಇಲ್ಲವೇ ಇಲ್ಲ. "ಪ್ರಭಾವ ಕಾಣುತ್ತೆ" ಅನ್ನುವವರಿಗೆ ಇವರಿಬ್ಬರ ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಬೇಕು.

ಮಾಧ್ವಿ ಪಾರೇಖ್ ಅವರದು ಇನ್ನೂ ಚೆಂದ. ಗುಜರಾತಿನ ಹಳ್ಳಿಯವರು, ಯಾವ ಕಲಾಶಾಲೆಗೂ ಹೋದವರಲ್ಲ. ಗಂಡ ಮನು ಪಾರೇಖ್ ಕಲಾವಿದ. 60ರ ದಶಕದಲ್ಲಿ ಈಕೆ ಬಸುರಿ ಇದ್ದಾಗ, ಗಂಡ, ಯುರೋಪಿನ ಕಲಾವಿದ ಪಾಲ್ ಕ್ಲೀ ಬರೆದ ಪುಸ್ತಕ ಮುಂದಿಟ್ಟು ಗೆರೆ, ತ್ರಿಕೋನ, ವೃತ್ತದ ಅಭ್ಯಾಸ ಮಾಡಿಸಿದರು. ಮಾಧ್ವಿ ಆ ವೃತ್ತಗಳನ್ನು ಹಿಡಿದುಕೊಂಡು ಹೊರಟದ್ದು ತಮ್ಮ ಊರಿನ ರಂಗೋಲಿ, ದೇವರು, ಪ್ರಾಣಿಗಳ ಕಡೆಗೆ. ಕಲಿಸಿದ್ದು ಗಂಡನೇ. ಚಿತ್ರ ಮಾತ್ರ ಅಪ್ಪಟ ಅವರದು.

ಕಟ್ಟೆ ವಕೀಲ:

ಯಾರೂ ಕಾನೂನು ಹೇಳಲಿಲ್ಲ, ನಾನು ಹೇಳುತ್ತೇನೆ. ಯಾವುದು ಯಾರದು ಅನ್ನುವುದು ಬರೀ ಗೌರವದ ಪ್ರಶ್ನೆ ಅಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಕಲಾವಿದರ ಜೀವಿತಾವಧಿ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತದೆ. ಇಬ್ಬರೂ ಸೇರಿ ಮಾಡಿದ, ಬೇರ್ಪಡಿಸಲು ಆಗದ ಕೃತಿ ಆದರೆ ಕೊನೆಗೆ ತೀರಿಕೊಂಡವರಿಂದ ಲೆಕ್ಕ. ಹಾಗಾಗಿ 'ಗಂಡನದು', 'ಹೆಂಡತಿಯದು', 'ಇಬ್ಬರದು' ಅನ್ನುವ ಮೂರು ಕಾಲಂ ಇಡಿ. ಇಬ್ಬರ ಕೈಲೂ ಸಹಿ ಹಾಕಿಸಿ, ತಾರೀಖು ಬರೆಸಿ.

ಚಿತ್ರ ಮಾರಿದ ಮಾತ್ರಕ್ಕೆ ಅದನ್ನು ಕ್ಯಾಲೆಂಡರಿಗೆ ಅಚ್ಚು ಹಾಕುವ ಹಕ್ಕು ಕೊಂಡವರಿಗೆ ಹೋಗುವುದಿಲ್ಲ, ಅದನ್ನು ಬರವಣಿಗೆಯಲ್ಲಿ ಬಿಟ್ಟುಕೊಡಬೇಕು. ನಿಮ್ಮ ದೊಡ್ಡಪ್ಪ ಕಾರ್ಖಾನೆಗೆ ನೌಕರಿಯ ಭಾಗವಾಗಿ ಮಾಡಿದ ಪೋಸ್ಟರ್ ಬೇರೆ ವಿಷಯ, ಅದರ ಹಕ್ಕು ಸಾಮಾನ್ಯವಾಗಿ ಮಾಲೀಕರದ್ದು. ದೊಡ್ಡಮ್ಮನ ಪತ್ರಿಕೆ ಚಿತ್ರಗಳದ್ದು ಒಪ್ಪಂದ ನೋಡಿ ಹೇಳಬೇಕು. ಕಾಯ್ದೆಯ 53ಎ ಕಲಂ ಕೂಡ ಇದೆ: 10,000 ರೂಪಾಯಿಗಿಂತ ಜಾಸ್ತಿಗೆ ಮೂಲ ಚಿತ್ರ ಮರುಮಾರಾಟ ಆದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಪಾಲು ಕೇಳುವ ಹಕ್ಕು, ಹೆಚ್ಚೆಂದರೆ ಶೇ. 10. ಕೇಳುವವರು ಕಡಿಮೆ, ಅದು ಬೇರೆ ಮಾತು.

ಉಯಿಲು ಎರಡು ಬೇರೆ ಬೇರೆ ಮಾಡಿಸಿ. "ಮನೆಯ ಸಾಮಾನು" ಅಂತ ಒಂದೇ ಸಾಲಿನಲ್ಲಿ ಚಿತ್ರಗಳನ್ನೂ ಸೇರಿಸಿಬಿಡುತ್ತಾರೆ. ಆಮೇಲೆ ಮಕ್ಕಳಿಗೆ ತಲೆನೋವು.

ಕೆಂಪೇಗೌಡ ಗಲ್ಲಿ:

ಇಷ್ಟೆಲ್ಲಾ ಮಾಡಿ ಕೊನೆಗೆ ಯಾರು ಕೊಳ್ಳುತ್ತಾರೆ ಸ್ವಾಮಿ? ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಇಡೀ ಊರು ಬರುತ್ತದೆ, ಸೆಲ್ಫಿ ತೆಗೆದುಕೊಂಡು ಜೋಳ ತಿಂದು ಹೋಗುತ್ತದೆ.

ಫ್ರೇಮ್ ಅಂಗಡಿ ಮಗ:

ಹಾಗೇನಿಲ್ಲ. ಸಂತೆ ಮುಗಿದ ವಾರ ನಮ್ಮ ಅಂಗಡಿಗೆ ಬಂದು ನೋಡಿ. ಜೀವನದಲ್ಲಿ ಮೊದಲ ಸಲ ಚಿತ್ರ ಕೊಂಡವರು ಕ್ಯೂ ನಿಂತಿರುತ್ತಾರೆ. ಆದರೆ ಇವರ ವಿಷಯಕ್ಕೆ ಸಂತೆ ಬೇಡ. ಒಂದು ಜೀವಮಾನದ ಕೆಲಸವನ್ನು ಒಂದು ಭಾನುವಾರ ಫುಟ್‌ಪಾತಿನಲ್ಲಿ ಚದುರಿಸಬಾರದು. ಮೊದಲು ಪಟ್ಟಿ, ಆಮೇಲೆ ಇಬ್ಬರದೂ ಸೇರಿಸಿ ಒಂದು ಪ್ರದರ್ಶನ.

ಇತಿಹಾಸದ ಹುಳು:

ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಗ್ಯಾಲರಿ ಕೇಳಿನೋಡಿ. ಸಾಧಾರಣ ಕಲಾವಿದರಿಗೂ ಕೈಗೆಟುಕುವ ಬಾಡಿಗೆಗೆ ಸಿಗುತ್ತಿದ್ದ ಸರ್ಕಾರಿ ಜಾಗ ಅದು. 2016ರಲ್ಲಿ ಅದನ್ನು ಖಾಸಗಿಯವರ ಕೈಗೆ ಕೊಡುವ ಮಾತು ಬಂದಾಗ ಕಲಾವಿದರು ಬೀದಿಗಿಳಿದದ್ದು ಸುಮ್ನೆ ಅಲ್ಲ. ನಿಮ್ಮ ದೊಡ್ಡಪ್ಪನ ವಯಸ್ಸಿನವರ ಮೊದಲ ಪ್ರದರ್ಶನಗಳು ಎಷ್ಟೋ ನಡೆದಿರುವುದು ಅಲ್ಲೇ.

ಅಟ್ಟದ ಇಲಿ:

ಸಾಗಿಸುವ ಬಗ್ಗೆ ಎರಡು ಮಾತು. ಕ್ಯಾನ್ವಾಸ್ ಸುತ್ತಲೇಬೇಕಾದರೆ ಬಣ್ಣದ ಮುಖ ಹೊರಗೆ ಬರುವ ಹಾಗೆ, ದಪ್ಪ ಕೊಳವೆಗೆ ಸುತ್ತಿ. ಎಲ್ಲರೂ ಉಲ್ಟಾ ಮಾಡುತ್ತಾರೆ. ಬಣ್ಣ ಒಳಗೆ ಹೋದರೆ ಒತ್ತಿಕೊಂಡು ಎದ್ದುಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮಳೆಗಾಲದ ತೇವಕ್ಕೆ ಬೂಷ್ಟು ಗ್ಯಾರಂಟಿ. ಹತ್ತಿ ಬಟ್ಟೆ ಸಾಕು. ನೆಲಕ್ಕೆ ತಾಗಿಸಿ ಇಡಬೇಡಿ, ಗೆದ್ದಲು. ಕಾಗದಗಳ ನಡುವೆ ಆಮ್ಲರಹಿತ ಹಾಳೆ ಇಡಿ, ನ್ಯೂಸ್ ಪೇಪರ್ ಬೇಡವೇ ಬೇಡ, ಹಳದಿ ಹತ್ತುತ್ತದೆ. ಬಣ್ಣ ಚಕ್ಕೆ ಏಳುತ್ತಿರುವುದು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಕಲಾ ಸಂರಕ್ಷಣೆ ಕಲಿತವರಿಗೆ ತೋರಿಸಿ. ಚಿತ್ರಕಲಾ ಪರಿಷತ್ತಿನಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ.

ಹನುಮಂತನಗರ ಮೆಟ್ಟಿಲು:

ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಶುರು ಮಾಡಿದೆವು. ಏನಾಯಿತು ಹೇಳುತ್ತೇನೆ.

ಬೆನ್ನು ನೋಡಿ ಅಂದಿರಲ್ಲ, ಅದೇ ಕೀಲಿಕೈ ಆಯಿತು. ದೊಡ್ಡಪ್ಪ ಕ್ಯಾನ್ವಾಸ್ ತಾವೇ ಬಿಗಿಯುತ್ತಿದ್ದರು. ಮೂಲೆ ಮಡಿಕೆ ಅಚ್ಚುಕಟ್ಟು, ಮೊಳೆಗಳು ಒಂದೇ ಸಾಲು, ಒಂದೇ ಅಂತರ. ದೊಡ್ಡಮ್ಮನ ಕಾಗದಗಳ ಹಿಂದೆ ಬೇರೆಯೇ ಲೋಕ ಇದೆ. ಶಾಲೆಯ ಪರೀಕ್ಷೆಯಲ್ಲಿ ಮಿಕ್ಕ ಡ್ರಾಯಿಂಗ್ ಹಾಳೆ, ಕೆಲವಕ್ಕೆ ಶಾಲೆಯ ಮೊಹರು, ಒಂದರ ಹಿಂದೆ ಯಾವುದೋ ಹುಡುಗ ಅರ್ಧ ಬರೆದ ಹೂಕುಂಡ. ಇನ್ನೊಂದರ ಹಿಂದೆ ಹಾಲಿನ ಲೆಕ್ಕ, ಅದರಲ್ಲಿ ತಿಂಗಳೂ ಇಸವಿಯೂ ಇದೆ! ಹಾಲಿನವನ ದಯೆಯಿಂದ ಒಂದಿಷ್ಟು ಚಿತ್ರಗಳಿಗೆ ಇಸವಿ ಸಿಕ್ಕಿತು.

ಡ್ರಾಯಿಂಗ್ ಮೇಡಂ ಹೇಳಿದ್ದನ್ನು ಕೇಳಿದೆ. ದೊಡ್ಡಮ್ಮ ತಕ್ಷಣ, "ದೊಡ್ಡವೆಲ್ಲ ಏಪ್ರಿಲ್, ಮೇ ತಿಂಗಳದ್ದು" ಅಂದರು. ದೊಡ್ಡಪ್ಪ ಬೆಚ್ಚಿ ನೋಡಿದರು. ಅವರಿಗೆ ಅದು ಹೊಳೆದೇ ಇರಲಿಲ್ಲವಂತೆ. ಸ್ವಲ್ಪ ಹೊತ್ತಾದ ಮೇಲೆ, "ನೀನು ಯಾಕೆ ಕೇಳಲಿಲ್ಲ?" ಅಂದರು. ದೊಡ್ಡಮ್ಮ, "ಕೇಳಿದ್ದೆ. ನೀವು ಬಣ್ಣ ಕಲಸುತ್ತಾ ಇದ್ರಿ" ಅಂದರು. ಇಬ್ಬರೂ ನಕ್ಕರು. ನಾನು ನಗಲಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾ ಒಂದೊಂದೇ ಚಿತ್ರ ಎತ್ತಿ ತೋರಿಸುತ್ತಿದ್ದೇನೆ. ಹೆಚ್ಚಿನವಕ್ಕೆ ಇಬ್ಬರೂ ಒಂದೇ ಉತ್ತರ. ಜಗಳ ಬಂದದ್ದು ಲಾಲ್‌ಬಾಗ್ ಬಂಡೆಯ ಕ್ಯಾನ್ವಾಸಿಗೆ. ಬಂಡೆ ದೊಡ್ಡಪ್ಪನದು, ಅದರಲ್ಲಿ ಅನುಮಾನವೇ ಇಲ್ಲ: ಚಾಕುವಿನಲ್ಲಿ ಬಣ್ಣ ಮೆತ್ತಿದ್ದಾರೆ, ಸಂಜೆ ಬಿಸಿಲು ಬಿದ್ದ ಕಡೆ ಹಳದಿ ಅಂಟಿನ ಹಾಗೆ ದಪ್ಪ. ಆದರೆ ಬಂಡೆ ಮೇಲೆ ಕೂತ ಪುಟ್ಟ ಪುಟ್ಟ ಜನ ಇದ್ದಾರಲ್ಲ, ಕಡಲೆಕಾಯಿ ಬಿಡಿಸುವವಳು, ಚಪ್ಪಲಿ ಬಿಚ್ಚಿಟ್ಟ ಮುದುಕ, ಅವೆಲ್ಲ ಸಣ್ಣ ಕುಂಚದ್ದು, ಒಂದೇ ಎಳೆತ. ಪತ್ರಿಕೆ ಚಿತ್ರಗಳ ಕೈ. ದೊಡ್ಡಪ್ಪ, "ಇದು ಪೂರ್ತಿ ಅವಳದು, ಜನ ಇಲ್ಲದಿದ್ದರೆ ಇದರಲ್ಲಿ ಏನಿದೆ?" ಅಂತಾರೆ. ದೊಡ್ಡಮ್ಮ, "ನಾನು ಸುಮ್ನೆ ನಾಲ್ಕು ಜನ ಕೂರಿಸಿದೆ, ಚಿತ್ರ ಅವರದು" ಅಂತಾರೆ. ವಕೀಲರ ಮೂರನೇ ಕಾಲಂಗೆ ಹಾಕಿದೆ. ಇಬ್ಬರೂ ಸಹಿ ಮಾಡಿದರು, ಈ ಸಲ ಪೂರ್ತಿ ಹೆಸರು.

ಡ್ರಾಯಿಂಗ್ ಮೇಡಂ:

ದೊಡ್ಡಮ್ಮನಿಗೆ ಫ್ಲ್ಯಾಟಿನಲ್ಲಿ ಯಾವ ಕಿಟಕಿ ಸಿಗುತ್ತದೆ ಅಂತ ಈಗಲೇ ಮಾತಾಡಿಕೊಳ್ಳಿ.

ಹನುಮಂತನಗರ ಮೆಟ್ಟಿಲು:

ಮಾತಾಡಿದೆವು ಮೇಡಂ. ಉತ್ತರದ ಬಾಲ್ಕನಿ ಅವರಿಗೆ. ಕ್ಯಾನ್ವಾಸ್ ನಾನು ಬಿಗಿದುಕೊಡುತ್ತೇನೆ ಅಂತ ದೊಡ್ಡಪ್ಪ ಹೇಳಿದ್ದಾರೆ, ಕೈ ನಡುಗಿದರೆ ಮೊಳೆ ನಾನು ಹಿಡಿಯಬೇಕಂತೆ. ತೈಲವರ್ಣ ವಾಸನೆಗೆ ಸೊಸೆ ಏನಂತಾಳೋ ನೋಡಬೇಕು.

ಬರುವ ಭಾನುವಾರ ದೊಡ್ಡ ಕ್ಯಾನ್ವಾಸ್‌ಗಳ ಫೋಟೋ. ಗಟ್ಟಿ ಟ್ರೈಪಾಡ್ ಯಾರ ಹತ್ತಿರ ಇದೆ? ತಿಂಡಿ ನಮ್ಮದು.

ಅಟ್ಟದ ಇಲಿ:

ನನ್ನ ಹತ್ತಿರ ಇದೆ. ಮಧ್ಯಾಹ್ನದೊಳಗೆ ಮುಗಿಸೋಣ, ಆಮೇಲೆ ಮೋಡ ಕವಿದರೆ ಬಣ್ಣ ಸರಿಯಾಗಿ ಬರುವುದಿಲ್ಲ. ತಿಂಡಿ ಏನು?

ಹನುಮಂತನಗರ ಮೆಟ್ಟಿಲು:

ಖಾರಾಬಾತ್. ದೊಡ್ಡಪ್ಪನ ಕೈಯದ್ದು.